ಭಂಗಾರವೋ, ಬಂಗಾರವೋ?



ನಮ್ಮ ಜತ್ತ ಭಾಗದಲ್ಲಿ ಹಳೆಯ ಕಬ್ಬಿಣ, ಪ್ಲಾಸ್ಟಿಕ್, ರದ್ದಿ ಕೊಳ್ಳಲು ಮನೆಬಾಗಿಲಿಗೆ ಬರುವವನಿಗೆ ‘ಭಂಗಾರದವ’ ಎನ್ನುತ್ತೇವೆ. ಇದು ಮರಾಠಿಯಿಂದ ಬಂದ ಮಾತು. ಕಾಸರಗೋಡು, ವಯನಾಡಿನ ವಾಚಕರು ಗುಜರಿ ಎಂದು ತಿಳಿದರೆ ಸಾಕು. ಭಂಗಾರಕ್ಕೂ ಬಂಗಾರಕ್ಕೂ ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಆ ಒಂದು ಮಹಾಪ್ರಾಣದ ಮೇಲೆಯೇ ಎಲ್ಲವೂ ನಿಂತಿತ್ತು. ಅದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ಕಥೆಯೂ ಇದೆ, ನೀವೂ ಮಾಡಬಹುದಾದ ಕೆಲಸವೂ ಇದೆ.

ನನ್ನ ಅಣ್ಣ ಗಡಿಭಾಗದ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದವರು. ನಿವೃತ್ತರಾದ ಮೇಲೆ 2012ರಲ್ಲಿ ಒಂದು ಕಂಪ್ಯೂಟರು ಕೊಂಡರು. ಈ ವಯಸ್ಸಿನಲ್ಲಿ ಇದೇಕೆ ಎಂದು ನಕ್ಕವರೇ ಹೆಚ್ಚು. ಅವರು ಮಾತ್ರ ಎರಡು ಬೆರಳಿನಿಂದ ನುಡಿ ತಂತ್ರಾಂಶದಲ್ಲಿ ಕನ್ನಡ ಒತ್ತಲು ಕಲಿತರು. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ಆ ಯಂತ್ರದ ಮುಂದೆ ಕೂತರೆ ಒಂಬತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ. ಏನು ಬರೆಯುತ್ತಿದ್ದಾರೆಂದು ನಾವು ಯಾರೂ ಕೇಳಲೂ ಇಲ್ಲ. ಬರಬರುತ್ತ ಯಂತ್ರ ನಿಧಾನವಾಯಿತು. ಕೊನೆಗೊಂದು ದಿನ ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. 2021ರಲ್ಲಿ ಅಣ್ಣನೂ ತೀರಿಕೊಂಡರು. ವೈನಿ ಒಂದು ಹಳೆಯ ಸೀರೆ ಹೊದಿಸಿ ಕಂಪ್ಯೂಟರನ್ನು ಮಾಳಿಗೆಗೆ ಏರಿಸಿದರು.

ಕಳೆದ ಬೇಸಿಗೆಯಲ್ಲಿ ಭಂಗಾರದವ ಬಂದಾಗ ವೈನಿ ನನ್ನನ್ನು ಕರೆದು ಕೇಳಿದರು: “ತಮ್ಮಾ, ಮಾಳಿಗಿ ಮ್ಯಾಲಿನ ಕಂಪ್ಯೂಟರ ಕೊಟ್ಟಬಿಡೂಣೇನ? ಮುನ್ನೂರ ರೂಪಾಯಿ ಕೊಡ್ತೀನಿ ಅಂತಾನ.”

ನಾನು ಹೂಂ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅಣ್ಣನ ಮೊಮ್ಮಗಳು ಓಡಿ ಬಂದಳು. ಅವಳು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. “ಸಣ್ಣಜ್ಜಾ, ಅದನ್ನ ನನಗ ಕೊಡ್ರಿ. ಹೊಸಾದು ಬ್ಯಾಡ, ಅದ ಸಾಕು” ಎಂದಳು. ಹೊಸ ಲ್ಯಾಪ್‌ಟಾಪ್ ಎಂದರೆ ದೊಡ್ಡ ಖರ್ಚು. ಆ ವರ್ಷ ದ್ರಾಕ್ಷಿ ಕೈಕೊಟ್ಟಿತ್ತು. ಹುಡುಗಿಗೆ ಅದೆಲ್ಲ ಗೊತ್ತು. ಭಂಗಾರದವನನ್ನು ಬರಿಗೈಯಲ್ಲಿ ಕಳಿಸಿದೆವು.

ಎತ್ತು ಸೋತದ್ದಲ್ಲ

ತಾಲೂಕಿನ ಅಂಗಡಿಯೊಂದಕ್ಕೆ ಒಯ್ದು ತೋರಿಸಿದೆ. ಅಲ್ಲಿಯ ಹುಡುಗ ಮುಚ್ಚಳವನ್ನೂ ಬಿಚ್ಚದೆ, “ಫಾರ್ಮ್ಯಾಟ್ ಹೊಡದ ಕೊಡ್ತೀನ್ರಿ, ಆದ್ರ ಭಾಳ ದಿನ ನಡ್ಯಾಂಗಿಲ್ಲ” ಎಂದ. ಫಾರ್ಮ್ಯಾಟ್ ಎಂದರೆ ಒಳಗಿದ್ದುದನ್ನೆಲ್ಲ ಒರೆಸಿ ಹಾಕುವುದು. ಹಿಂದೊಮ್ಮೆ ನನ್ನ ಅವಸರದಿಂದ ನನ್ನ ಸ್ವಂತ ಕಂಪ್ಯೂಟರಿನಲ್ಲಿ ಹೀಗೆ ಮಾಡಿಕೊಂಡು ಮಗಳ ಮದುವೆಯ ಫೋಟೋಗಳನ್ನೆಲ್ಲ ಕಳೆದುಕೊಂಡವನು ನಾನು. ಬೇಡವೆಂದು ಮರಳಿ ತಂದೆ.

ಸೊಲ್ಲಾಪುರದಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಅವನು ಯಂತ್ರವನ್ನು ಬಿಚ್ಚಿ, ಧೂಳು ಕೊಡವಿ, ಒಳಗಿನ ಲೆಕ್ಕ ಹೇಳಿದ: ಪೆಂಟಿಯಂ ಡ್ಯುಯಲ್ ಕೋರ್ ಪ್ರೊಸೆಸರ್, 2 ಜಿಬಿ ರ್‍ಯಾಮ್, 320 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 7. “ಮಾಮಾ, ಯಂತ್ರಕ್ಕ ಏನೂ ಆಗಿಲ್ಲ. ಇದಕ್ಕ ಲಿನಕ್ಸ್ ಹಾಕೂಣು” ಎಂದ.

ಗಾಡಿಗೆ ಕಬ್ಬು ಹೇರುವವರನ್ನು ನೀವು ನೋಡಿರಬಹುದು. ಎತ್ತು ಅದೇ, ದಾರಿ ಅದೇ. ಹೊರೆ ವರ್ಷವರ್ಷಕ್ಕೆ ಹೆಚ್ಚುತ್ತದೆ. ಒಂದು ದಿನ ಎತ್ತು ಮಂಡಿಯೂರಿದರೆ ಎತ್ತಿಗೆ ವಯಸ್ಸಾಯಿತೆನ್ನುತ್ತೇವೆ. ಕಂಪ್ಯೂಟರಿನ ವಿಷಯದಲ್ಲಿ ಆಗುವುದೂ ಇದೇ. ವಿಂಡೋಸ್ 7ಕ್ಕೆ ಭದ್ರತಾ ತಿದ್ದುಪಡಿಗಳು 2020ರ ಜನವರಿ 14ರಂದು ನಿಂತವು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸ್ಥಳ, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಹಳೆಯ ಯಂತ್ರಗಳಲ್ಲಿ ಇದು ಇರುವುದಿಲ್ಲ. ಹೀಗಾಗಿ ಕೈಕಾಲು ಗಟ್ಟಿಯಿರುವ ಯಂತ್ರಗಳೂ ಭಂಗಾರದ ದಾರಿ ಹಿಡಿಯುತ್ತವೆ.

ಲಿನಕ್ಸ್ ಎಂದರೇನು ಎಂದು ಕೇಳುವವರಿಗೆ ನಾಲ್ಕು ಮಾತು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತನ್ನ ಮೇಜಿನ ಮೇಲಿದ್ದ 386 ಕಂಪ್ಯೂಟರಿಗಾಗಿ ಇದನ್ನು ಬರೆಯತೊಡಗಿದ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಷರತ್ತಿನ ಮೇಲೆ ಲೋಕಕ್ಕೆ ಕೊಟ್ಟ. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನೂ ಎಂಬ ಹೆಸರಿನಲ್ಲಿ ಇಂಥ ಮುಕ್ತ ತಂತ್ರಾಂಶದ ಕೆಲಸ ಘೋಷಿಸಿದ್ದರು. ಇವೆರಡೂ ಕೂಡಿದ ಮೇಲೆ ಬೇರೆ ಬೇರೆಯವರು ತಮಗೆ ಬೇಕಾದ ಹಾಗೆ ಕಟ್ಟಿಕೊಂಡ ನೂರಾರು ಬಗೆಗಳು ಇಂದು ಇವೆ. ಹಳೆಯ ಯಂತ್ರಕ್ಕೆಂದೇ ಹೊರೆ ಇಳಿಸಿ ಕಟ್ಟಿದವು ಹಗುರವಾದ ಬಗೆಗಳು. ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಇದು ನಮಗೆ ಹೊಸದೂ ಅಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಶಾಲೆಗಳಿಗೆಲ್ಲ ಲಿನಕ್ಸನ್ನೇ ತಂದಿತು. ಆದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದಿನದ ಬಳಕೆ. ನಿಮ್ಮ ಮನೆಯ ಹುಡುಗರನ್ನೇ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೊಸೂರು, ತಾಳವಾಡಿ ಕಡೆ ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿ ಕಪಾಟಿನಲ್ಲಿರಬಹುದು. ಅವುಗಳಿಗೂ ಈ ಮಾತು ಸಲ್ಲುತ್ತದೆ.

ಮೊದಲು ಒಳಗಿದ್ದುದನ್ನು ತೆಗೆಯಿರಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲಿನಕ್ಸ್ ಹಾಕುವುದು ಕಷ್ಟವಲ್ಲ. ಹಾಕುವ ಮೊದಲು ಯಂತ್ರದೊಳಗೆ ಏನಿದೆ ಎಂದು ನೋಡುವ ತಾಳ್ಮೆ ಇರುವುದೇ ಕಷ್ಟ.

ಲಿನಕ್ಸಿನಲ್ಲಿ ಒಂದು ಅನುಕೂಲವಿದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಹಾರ್ಡ್‌ಡಿಸ್ಕನ್ನು ಮುಟ್ಟದೆಯೇ, ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ನಡೆಸಬಹುದು. ಇದನ್ನು ‘ಲೈವ್’ ಎನ್ನುತ್ತಾರೆ. ಅಳಿಯ ತನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಎಂಬ ಬಗೆಯ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅದರ ಅಧಿಕೃತ ತಾಣದಿಂದ ಇಳಿಸಿಕೊಂಡ. ಸುಮಾರು 3 ಜಿಬಿಯ ಒಂದೇ ಕಡತ. ರೂಫಸ್ ಎಂಬ ಸಣ್ಣ ತಂತ್ರಾಂಶದಿಂದ ಅದನ್ನು 8 ಜಿಬಿಯ ಪೆನ್‌ಡ್ರೈವಿಗೆ ಬರೆದ. ಹೀಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದನ್ನು ಮರೆಯಬೇಡಿ. ಆಮೇಲೆ ಅದನ್ನು ಅಣ್ಣನ ಕಂಪ್ಯೂಟರಿಗೆ ಚುಚ್ಚಿ, ಯಂತ್ರ ಶುರುವಾಗುವಾಗಲೇ ಎಫ್12 ಕೀಲಿಯನ್ನು ಒತ್ತುತ್ತ ಕೂತ. ಕೆಲವು ಯಂತ್ರಗಳಿಗೆ ಇದು ಎಫ್2, ಕೆಲವಕ್ಕೆ ಎಫ್9, ಎಸ್ಕೇಪ್ ಅಥವಾ ಡಿಲೀಟ್. ಮೊದಲ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಲ್ಲಿ ಬಂದ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದ. ಎರಡು ಮೂರು ನಿಮಿಷ ಗುರುಗುಟ್ಟಿ, ಐದು ವರ್ಷ ಸತ್ತಂತಿದ್ದ ಯಂತ್ರ ಕಣ್ಣು ತೆರೆಯಿತು. ವೈನಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

ಹಾರ್ಡ್‌ಡಿಸ್ಕ್ ತೆರೆದಾಗ ಅಣ್ಣನ ಕಡತಗಳು ಸಾಲಾಗಿ ಕಂಡವು. ನೂರಾ ನಲವತ್ತು. ಅಳಿಯ ಒಂದನ್ನು ತೆರೆದ. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ತಲೆಯ ಮೇಲೆ ಗೀಟಿರುವ ಎ, ಪಿ, ಕ್ಯೂ, ನಡುನಡುವೆ ಪೌಂಡಿನ ಗುರುತು. ಇನ್ನೊಂದು ತೆರೆದ, ಅದೂ ಹಾಗೆಯೇ.

“ಮಾಮಾ, ಇವು ವೈರಸ್ ಬಡದ ಫೈಲ್ ಅನಸ್ತಾವ. ಅಳಸಿಬಿಡ್ಲೇನು?”

“ಸ್ವಲ್ಪ ತಡೀಪಾ” ಎಂದೆ. ಕನ್ನಡಕ ಹಾಕಿಕೊಂಡು ನೋಡಿದೆ. ಪಿ, ಗೀಟಿನ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ... ಈ ಸಾಲನ್ನು ನಾನು ಎಲ್ಲೋ ಕಂಡಿದ್ದೆ. ನುಡಿಯಲ್ಲಿ ಒತ್ತಿದ ಲೇಖನಗಳು ಬೇರೆ ಕಂಪ್ಯೂಟರಿಗೆ ಹೋದಾಗ ಹೀಗೆಯೇ ಕಾಣುತ್ತಿದ್ದವು. ಆ ಅಕ್ಷರಗಳ ಗುಂಪು ಬೇರೇನೂ ಅಲ್ಲ, ‘ಕನ್ನಡ’ ಎಂಬ ಶಬ್ದ!

ಕಾರಣ ಸರಳ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಅಕ್ಷರಶೈಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಇಂದು ಬಳಸುವ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಆದ ಜಾಗವಿದೆ. ಅದು 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೆ ನಮ್ಮ ಹಿರಿಯರು ಒತ್ತಿದ ಬಹುಪಾಲು ಬರವಣಿಗೆ ಹಳೆಯ ಕ್ರಮದಲ್ಲಿಯೇ ಉಳಿದಿದೆ. ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ, ಸಿಡಿಯಲ್ಲಿ ಇಂಥ ‘ಕಸ’ ಕಂಡರೆ ದಯವಿಟ್ಟು ಅಳಿಸಬೇಡಿ. ಈ ಇಡೀ ಲೇಖನದಲ್ಲಿ ನೆನಪಿಡಬೇಕಾದ ಒಂದೇ ಮಾತು ಇದ್ದರೆ ಅದು ಇದು.

ಬೇಕಾದ ಅಕ್ಷರಶೈಲಿಗಳೂ ಅದೇ ಹಾರ್ಡ್‌ಡಿಸ್ಕಿನಲ್ಲಿ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ ಇದ್ದವು. ನುಡಿ ಎಂದು ಹೆಸರಿದ್ದವನ್ನು ಹುಡುಕಿ ಲಿನಕ್ಸಿನಲ್ಲಿ ಸೇರಿಸಿದೆವು. ಅದಕ್ಕೆ ಕಡತದ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಎಂದರೆ ಸಾಕು. ಮತ್ತೆ ತೆರೆದಾಗ ಪರದೆಯ ಮೇಲೆ ದುಂಡಗೆ ಕನ್ನಡ. ಅಣ್ಣ ಒತ್ತಿದ ಮೊದಲ ಸಾಲೇ ನಮ್ಮ ಅವ್ವ ಬೀಸುವಾಗ ಹಾಡುತ್ತಿದ್ದ ಪದ. ವೈನಿ ನಿಂತಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಎಲ್ಲವನ್ನೂ, ಅಕ್ಷರಶೈಲಿಗಳ ಸಮೇತ, ಎರಡು ಕಡೆ ನಕಲು ಮಾಡಿದೆವು: ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ, ಒಂದು ಪೆನ್‌ಡ್ರೈವಿಗೆ. ಒಂದೇ ನಕಲು ಇದ್ದರೆ ಅದು ನಕಲೇ ಅಲ್ಲ ಎಂದು ತಿಳಿಯಿರಿ. ಇನ್ನೊಂದು ಎಚ್ಚರಿಕೆ: ಹಾರ್ಡ್‌ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಕೂಡಲೇ ಯಂತ್ರ ಆರಿಸಿ. ಅದರ ಮೇಲೆ ಪ್ರಯೋಗ ಬೇಡ. ಮಾಹಿತಿ ಹೊರತೆಗೆಯುವ ತಜ್ಞರಿಗೆ ಒಪ್ಪಿಸುವುದೇ ಲೇಸು.

ಯಾವ ಯಂತ್ರಕ್ಕೆ ಯಾವುದು?

ಪ್ರತಿಯೊಂದು ಎತ್ತಿಗೂ ಅದರ ಶಕ್ತಿಗೆ ತಕ್ಕ ಹೊರೆ. ನಾವು ತಿಳಿದುಕೊಂಡ ಲೆಕ್ಕ ಹೀಗಿದೆ.

4 ಜಿಬಿ ಅಥವಾ ಹೆಚ್ಚು ರ್‍ಯಾಮ್ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಮನೆಮಂದಿಗೆ ಒಳ್ಳೆಯದು. ಅದರ ಮುಖ ವಿಂಡೋಸಿನಂತೆಯೇ ಇದೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಮಿಂಟಿನವರು ಕನಿಷ್ಠ 2 ಜಿಬಿ ಎನ್ನುತ್ತಾರೆ, ಆದರೆ ನೆಮ್ಮದಿಗೆ 4 ಬೇಕು. 2 ಜಿಬಿಯಲ್ಲಿಯೇ ನಡೆಸಬೇಕಾದವರು ಲುಬುಂಟು ಅಥವಾ ಎಂಎಕ್ಸ್ ಲಿನಕ್ಸ್ ನೋಡಬಹುದು. 1 ಜಿಬಿಯ ಆಸುಪಾಸಿನ ಹಳೆಯ ಯಂತ್ರಗಳಿಗೆ ಆ್ಯಂಟಿಎಕ್ಸ್, ಪಪ್ಪಿ ಎಂಬವು ಇವೆ.

ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ ಎಂಬುದನ್ನೂ ನೋಡಿ. 32 ಬಿಟ್ಟಿನವುಗಳಿಗೆ ಹೊಸ ಲಿನಕ್ಸ್ ಸಿಗುವುದು ಈಗ ಅಪರೂಪವಾಗುತ್ತಿದೆ. ಬಹಳ ಬಗೆಗಳಿಗೆ ತಾಯಿಬೇರಾದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಿಂದ ಅವುಗಳಿಗೆ ಅನುಸ್ಥಾಪನೆಯ ಪ್ರತಿ ಕೊಡುವುದನ್ನು ನಿಲ್ಲಿಸಿದೆ.

ಒಂದು ನಿಜವನ್ನು ಹೇಳಲೇಬೇಕು. ಲಿನಕ್ಸ್ ಎಷ್ಟೇ ಹಗುರವಾಗಿದ್ದರೂ ಇಂದಿನ ಅಂತರ್ಜಾಲದ ಪುಟಗಳು ಹಗುರವಾಗಿಲ್ಲ. 1 ಜಿಬಿಯ ಯಂತ್ರ ಬರೆಯಲು, ಓದಲು, ಹಾಡು ಕೇಳಲು ಒದಗೀತು. ಹತ್ತು ಪುಟ ಒಟ್ಟಿಗೆ ತೆರೆದು ವಿಡಿಯೋ ನೋಡುತ್ತೇನೆಂದರೆ ಅದು ಮತ್ತೆ ಮಂಡಿಯೂರುತ್ತದೆ.

ಆದ್ದರಿಂದ ಸ್ವಲ್ಪ ದುಡ್ಡು ಹಾಕುವ ಶಕ್ತಿ ಇದ್ದರೆ ಎರಡು ವಸ್ತು ಕೊಳ್ಳಿ. ಒಂದು, ಹೆಚ್ಚಿನ ರ್‍ಯಾಮ್. ನಮ್ಮದಕ್ಕೆ ಡಿಡಿಆರ್3 ಬಗೆಯ 4 ಜಿಬಿಯ ಒಂದು ಪಟ್ಟಿ, ಬಳಸಿದ್ದು, ಸಿಕ್ಕಿತು. ಇನ್ನೊಂದು, ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ. ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗಿ ಸೂಜಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಹಳೆಯ ಯಂತ್ರಕ್ಕೆ ಇದರಷ್ಟು ಚೇತನ ಕೊಡುವುದು ಬೇರೊಂದಿಲ್ಲ. 240 ಜಿಬಿಯದು ಮನೆಗೆ ಧಾರಾಳ. ನಮಗೆ ಎರಡೂ ಸೇರಿ ಎರಡೂವರೆ ಸಾವಿರದೊಳಗೆ ಆಯಿತು. ಹೊಸ ಡಿಸ್ಕ್ ಹಾಕುವುದರಿಂದ ಇನ್ನೊಂದು ಲಾಭವೂ ಉಂಟು. ಹಳೆಯದನ್ನು ಹಾಗೆಯೇ ಬಿಚ್ಚಿ ತೆಗೆದಿಡಬಹುದು. ಅಣ್ಣನ ಹಾರ್ಡ್‌ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ವೈನಿ ತಿಜೋರಿಯಲ್ಲಿಟ್ಟಿದ್ದಾರೆ.

ಹಾಕುವ ಕ್ರಮ

ಪೆನ್‌ಡ್ರೈವಿನಿಂದ ಲೈವ್ ನಡೆಸಿ ನೋಡಿದಾಗಲೇ ಕೆಲವನ್ನು ಪರೀಕ್ಷಿಸಿಕೊಳ್ಳಿ. ಸದ್ದು ಬರುತ್ತದೆಯೇ? ವೈಫೈ ಹಿಡಿಯುತ್ತದೆಯೇ? ಪ್ರಿಂಟರ್ ಮಾತು ಕೇಳುತ್ತದೆಯೇ? ಇಲ್ಲಿ ನಡೆದರೆ ಮುಂದೆಯೂ ನಡೆಯುತ್ತದೆ. ನಮ್ಮ ಯಂತ್ರದಲ್ಲಿ ಎಲ್ಲ ಸರಿಯಿದ್ದೂ ಅಂತರ್ಜಾಲದ ಪುಟಗಳು ಮಾತ್ರ ಸುರಕ್ಷಿತವಲ್ಲವೆಂದು ತೆರೆಯದೇ ಹೋದವು. ನೋಡಿದರೆ ಯಂತ್ರದ ಗಡಿಯಾರ ಹತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತಿತ್ತು. ಒಳಗೆ ಸಿಆರ್ 2032 ಎಂಬ ಗುಂಡಿಯಂಥ ಬ್ಯಾಟರಿ ಇರುತ್ತದೆ, ಅದು ಮುಗಿದಿತ್ತು. ಕೆಲವೇ ರೂಪಾಯಿಗಳ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದ ಮೇಲೆ ಎಲ್ಲ ತೆರೆದವು.

ಆಮೇಲೆ ಪರದೆಯ ಮೇಲಿರುವ ಇನ್‌ಸ್ಟಾಲ್ ಗುರುತನ್ನು ಒತ್ತಿದರೆ ಒಂದೊಂದೇ ಪ್ರಶ್ನೆ ಕೇಳುತ್ತದೆ: ಭಾಷೆ, ಕೀಲಿಮಣೆ, ಊರಿನ ಸಮಯ, ಹೆಸರು, ಗುಪ್ತಪದ. ನಡುವೆ ಒಂದೇ ಒಂದು ಪ್ರಶ್ನೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳಿ. ಡಿಸ್ಕನ್ನು ಪೂರ್ತಿ ಅಳಿಸಿ ಹಾಕಲೇ, ಅಥವಾ ಇರುವ ವಿಂಡೋಸಿನ ಪಕ್ಕದಲ್ಲಿ ಹಾಕಲೇ ಎಂದು ಅದು ಕೇಳುತ್ತದೆ. ಅಳಿಸು ಎಂದರೆ ನಿಜವಾಗಿಯೂ ಅಳಿಸುತ್ತದೆ. ಹಳೆಯ ಡಿಸ್ಕನ್ನು ಬಿಚ್ಚಿಟ್ಟಿದ್ದ ನಮಗೆ ಆ ಭಯವಿರಲಿಲ್ಲ. ನೀವು ಹಳೆಯ ಡಿಸ್ಕಿನಲ್ಲಿಯೇ ಹಾಕುವವರಾದರೆ ನಕಲು ಮಾಡಿದ ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ ಖಾತ್ರಿಯಾದ ಮೇಲೆಯೇ ಮುಂದುವರಿಯಿರಿ. ಗುಪ್ತಪದವನ್ನು ಒಂದು ವಹಿಯಲ್ಲಿ ಬರೆದಿಡಿ. ಮನೆಯ ಹಿರಿಯರೊಬ್ಬರಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿ.

ಎಲ್ಲ ಮುಗಿಯಲು ನಮಗೆ ಅರ್ಧ ಗಂಟೆ ಹಿಡಿಯಿತು. ಬರೆಯಲು, ಲೆಕ್ಕದ ಕೋಷ್ಟಕ ಮಾಡಲು ಲಿಬ್ರೆ ಆಫೀಸ್, ಅಂತರ್ಜಾಲಕ್ಕೆ ಫೈರ್‌ಫಾಕ್ಸ್ ಅದರೊಡನೆಯೇ ಬರುತ್ತವೆ. ಮೊದಲು ಐದು ನಿಮಿಷ ಕಾಯಿಸುತ್ತಿದ್ದ ಯಂತ್ರ ಈಗ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಅಪ್‌ಡೇಟ್ ಮಾಡಿರೆಂದು ಅದು ಆಗಾಗ ಮೂಲೆಯಲ್ಲಿ ನೆನಪಿಸುತ್ತದೆ. ವಾರಕ್ಕೊಮ್ಮೆ ಅದನ್ನು ಮಾಡಿ.

ಕನ್ನಡಕ್ಕೇನು ಮಾಡಬೇಕು?

ನಮ್ಮಂಥ ಗಡಿನಾಡಿನವರಿಗೆ ಇದೇ ಮೊದಲ ಪ್ರಶ್ನೆ. ಇಲ್ಲಿನ ಅಂಗಡಿಗಳಲ್ಲಿ ಮರಾಠಿಯನ್ನೋ ಹಿಂದಿಯನ್ನೋ ಹಾಕಿಕೊಡುತ್ತಾರೆ. ಕನ್ನಡ ಎಂದರೆ ಮುಖ ನೋಡುತ್ತಾರೆ. ಲಿನಕ್ಸಿನಲ್ಲಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಪಟ್ಟಿಯೊಳಗೆ ಕನ್ನಡ ಎರಡು ಬಗೆಯಲ್ಲಿ ಇದೆ. ಒಂದು ಸರ್ಕಾರದ ಇನ್‌ಸ್ಕ್ರಿಪ್ಟ್ ಕ್ರಮ. ಇನ್ನೊಂದು ‘ಕಗಪ’ ಎಂಬ ಹೆಸರಿನದು. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಒತ್ತಿ ಬಲ್ಲವರಿಗೆ ಇದು ಪರಿಚಿತ ಹಾದಿ. ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಾನುಸಾರಿ ಕೀಲಿಮಣೆಯೇ ಇದರ ಮೂಲ. ಒಂದು ಸಲ ಸೇರಿಸಿಕೊಂಡರೆ ಎರಡು ಕೀಲಿ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಬರಬಹುದು. ಮೆನುಗಳನ್ನೂ ಕನ್ನಡಕ್ಕೆ ಬದಲಿಸಬಹುದು. ಎಲ್ಲವೂ ಅನುವಾದವಾಗಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ. ಅದಕ್ಕೆ ಬೇಸರ ಬೇಡ.

ಅಂತರ್ಜಾಲ ದುರ್ಬಲವಾಗಿರುವ ಹಳ್ಳಿಗಳಲ್ಲಿರುವವರು ಕಿವಿಕ್ಸ್ ಎಂಬುದನ್ನು ಹಾಕಿಕೊಳ್ಳಬಹುದು. ಪೇಟೆಗೆ ಹೋದಾಗ ಒಮ್ಮೆ ಕನ್ನಡ ವಿಕಿಪೀಡಿಯವನ್ನು ಇಳಿಸಿಕೊಂಡು ಬಂದರೆ ಆಮೇಲೆ ಅಂತರ್ಜಾಲವಿಲ್ಲದೆಯೇ ಮಕ್ಕಳು ಓದಬಹುದು.

ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ. ಆದರೆ ಅವು ನೂರಕ್ಕೆ ನೂರು ಸರಿಯಾಗಿ ಮಾಡುವುದಿಲ್ಲ. ಅರ್ಕಾವೊತ್ತು, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತವೆ. ಕೂತು ಓದಿ ತಿದ್ದಲೇಬೇಕು.

ಆಗದಿರುವುದನ್ನೂ ಹೇಳಬೇಕು

ಹೊಗಳಿಕೆ ಸಾಕು, ಕೊರತೆಗಳನ್ನೂ ಕೇಳಿ. ಅಂಗಡಿಯ ಲೆಕ್ಕಕ್ಕೆ ವಿಂಡೋಸಿನ ತಂತ್ರಾಂಶವನ್ನೇ ನಂಬಿರುವವರು, ವ್ಯಾಪಾರದ ಕಂಪ್ಯೂಟರಿಗೆ ಏಕಾಏಕಿ ಲಿನಕ್ಸ್ ಹಾಕಬೇಡಿ. ಅಂಥ ಬಹಳಷ್ಟು ತಂತ್ರಾಂಶಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಡಿಜಿಟಲ್ ಸಹಿಯ ಸಾಧನ ಬಳಸುವವರಿಗೂ ತೊಡಕಾಗಬಹುದು. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಎಷ್ಟು ಬೇಡಿಕೊಂಡರೂ ಓಗೊಡುವುದಿಲ್ಲ. ನಮ್ಮ ಮನೆಯ ಪ್ರಿಂಟರೂ ಅಂಥದೇ. ಹುಡುಗಿ ಕಡತವನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿನಲ್ಲಿ ಝೆರಾಕ್ಸ್ ಅಂಗಡಿಗೆ ಒಯ್ಯುತ್ತಾಳೆ. ಹೊಸದನ್ನು ಕಲಿಯುವಾಗ ಮೊದಲ ವಾರ ಎಲ್ಲಿ ಏನಿದೆ ಎಂದು ಹುಡುಕಾಟವೂ ಇರುತ್ತದೆ.

ಇನ್ನು ಯಂತ್ರ ನಿಜವಾಗಿಯೂ ಸತ್ತಿದ್ದರೆ? ಆಗಲೂ ಹಾರ್ಡ್‌ಡಿಸ್ಕನ್ನು ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ. ಅದರಲ್ಲಿ ನಿಮ್ಮ ಬ್ಯಾಂಕಿನ ಕಾಗದ, ಆಧಾರ್ ಪ್ರತಿ, ಮನೆಯ ಹೆಣ್ಣುಮಕ್ಕಳ ಫೋಟೋ ಎಲ್ಲ ಇರುತ್ತವೆ. ಕೊಡುವುದನ್ನೂ ಸಾಧ್ಯವಾದರೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕರಿಗೆ ಕೊಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಾಮ್ರಕ್ಕಾಗಿ ತಂತಿಗಳನ್ನು ಬಯಲಲ್ಲಿ ಸುಡುವವರ ಕೈಗೆ ಹೋದರೆ ಆ ಹೊಗೆ ಊರಿಗೇ ವಿಷ.

ಕೊನೆಯ ಕಡತ

ಕಡತಗಳನ್ನು ತಿದ್ದುವ ಕೆಲಸವನ್ನು ಹುಡುಗಿ ವಹಿಸಿಕೊಂಡಳು. ದಿನಕ್ಕೆ ಒಂದು ಕಡತ. ಅವಳಿಗೆ ಒತ್ತುವುದು ರೂಢಿಯಾಯಿತು, ಅಜ್ಜನ ಮಾತು ಕಿವಿಗೆ ಬಿದ್ದ ಹಾಗೂ ಆಯಿತು. ಬೀಸುವ ಪದಗಳು, ನಮ್ಮ ಭಾಗದ ಕನ್ನಡದಲ್ಲಿ ಮಾತ್ರ ಇರುವ ಶಬ್ದಗಳ ಪಟ್ಟಿ, ಶಾಲೆಯ ನೆನಪುಗಳು. ಅರ್ಥವಾಗದ ಶಬ್ದ ಬಂದರೆ ಅಡಿಗೆಮನೆಗೆ ಓಡಿ, “ಆಯೀ, ಇದೇನು?” ಎಂದು ವೈನಿಯನ್ನು ಕೇಳುತ್ತಾಳೆ.

ಒಂದು ದಿನ ನನ್ನನ್ನು ಕರೆದಳು. ತೆರೆದಿದ್ದ ಕಡತ ನಮ್ಮ ಮನೆತನದ ವಂಶಾವಳಿ. ಭಟ್ಟರ ವಹಿಗಳಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇರುವುದನ್ನು ಕಂಡು ಅಣ್ಣನಿಗೆ ಯಾವಾಗಲೂ ಅಸಮಾಧಾನ. ಅವರು ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಸೇರಿಸುತ್ತ ಬಂದಿದ್ದರು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿ. ಆದ್ದರಿಂದ ಪ್ರತಿಯೊಬ್ಬಳಿಗೂ ಎರಡು ಹೆಸರು: ತವರಿನದು, ಗಂಡನ ಮನೆಯದು. ಅಕ್ಕಲಕೋಟ ತಾಲೂಕಿಗೆ ಕೊಟ್ಟಿದ್ದ, ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟ ನಮ್ಮ ಸೋದರತ್ತೆಯ ಎದುರು ಮಾತ್ರ ಎರಡನೆಯ ಹೆಸರಿನ ಜಾಗ ಖಾಲಿಯಿತ್ತು. ಅಲ್ಲಿ ಅಣ್ಣ ಬರೆದಿದ್ದರು: ‘ತಮ್ಮನನ್ನು ಕೇಳಬೇಕು.’

ಕೇಳಿರಲಿಲ್ಲ. ಒಂದೇ ಓಣಿಯಲ್ಲಿ ಇದ್ದೆವು, ದಿನಾ ಕಾಣುತ್ತಿದ್ದೆವು. ಮಳೆ, ದ್ರಾಕ್ಷಿ, ಮಕ್ಕಳ ಮದುವೆ ಎಲ್ಲ ಮಾತಾಡಿದ್ದೆವು. ಅದೊಂದು ಉಳಿದುಹೋಗಿತ್ತು. ನಾನು ಸಣ್ಣವನಿದ್ದಾಗ ಅವ್ವನ ಕೈಹಿಡಿದು ಅತ್ತೆಯ ಮನೆಗೆ ಹೋಗಿದ್ದೆ; ಅಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೆಂದು ನನಗೆ ನೆನಪಿತ್ತು. ಈಗ ಅದನ್ನು ಬಲ್ಲವನು ನಾನೊಬ್ಬನೇ ಇರಬೇಕು.

“ಸಣ್ಣಜ್ಜಾ, ಏನ ಬರೀಲಿ?” ಎಂದಳು ಹುಡುಗಿ.

ನಾನು ಹೇಳಿದೆ. ಅವಳು ಒತ್ತಿದಳು. ಖಾಲಿ ಜಾಗ ತುಂಬಿತು.

ಮುನ್ನೂರು ರೂಪಾಯಿಗೆ ಕೊಟ್ಟುಬಿಟ್ಟಿದ್ದರೆ? ಈ ಪ್ರಶ್ನೆ ನನ್ನನ್ನು ಆಗಾಗ ಕಾಡುತ್ತದೆ. ಬಂಧುಗಳೇ, ನಿಮ್ಮ ಮಾಳಿಗೆಯ ಮೇಲೂ ಒಂದು ಯಂತ್ರವಿರಬಹುದು. ಭಂಗಾರದವನ ಕೂಗು ಕೇಳುವ ಮೊದಲು ಒಮ್ಮೆ ಹತ್ತಿ ನೋಡಿ. ಮನೆಯ ಹಿರಿಯರು ಇನ್ನೂ ಇದ್ದರೆ ಯಂತ್ರಕ್ಕಿಂತ ಮೊದಲು ಅವರನ್ನೇ ಕೇಳಿ. ಅದಕ್ಕೆ ಲಿನಕ್ಸೂ ಬೇಕಿಲ್ಲ, ವಿಂಡೋಸೂ ಬೇಕಿಲ್ಲ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.